ಸರತಿಯಲ್ಲಿ ಮುಂದಿದ್ದವನು

ಚಳಿ ಇನ್ನೂ ಬಿಟ್ಟಿರದ ದಿನಗಳು, ಬೆಳಿಗ್ಗೆ ಒಂಬತ್ತು ಗಂಟೆ. ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ‘ಪೆಟ್ಟಿಗೆ’ ಎಂದು ಕರೆಯುವವನು ಒಂದು ಸಣ್ಣ ತಪ್ಪು ಮಾಡಿದ. ಪ್ರೋಗ್ರಾಮನ್ನೂ ಅದರ ಸರಂಜಾಮನ್ನೂ ಒಟ್ಟಿಗೆ ‘ಕಂಟೈನರ್’ ಎಂಬ ಪೆಟ್ಟಿಗೆಯಂಥದ್ದಕ್ಕೆ ತುಂಬಿ ದೊಡ್ಡ ಯಂತ್ರಕ್ಕೆ ಕಳಿಸುವುದು ಅವನ ಕಸುಬು. ಹೆಸರು ಬಂದದ್ದು ಹಾಗೆ.

ಅಂದು ತುಂಬಿದ್ದು ಅಂತರ್ಜಲ ವಿಭಾಗದ ಮೇಡಂ ಅವರ ಪ್ರೋಗ್ರಾಮು. ಅವರು ಮೂವತ್ತು ವರ್ಷ ಬಾವಿ ಬಾವಿ ತಿರುಗಿ ಅಳೆದದ್ದೆಲ್ಲ ಸೇರಿ ನೆಲದಡಿಯ ನೀರಿನ ಒಂದು ಚಿತ್ರವಾಗಬೇಕಿತ್ತು. ಮೇಡಂ ಕಣ್ಣು ದಿನೇ ದಿನೇ ಮಸುಕಾಗುತ್ತಿತ್ತು. ಕೆಲಸ ಬಿಟ್ಟು, ಅಂದಿನ ಐದು ಗಂಟೆಯ ಬಸ್ಸಿಗೆ ತಂಗಿಯ ಮನೆಗೆ ಹೊರಟಿದ್ದರು.

“ಈ ದೊಡ್ಡ ಪರದೆ ಮೇಲಾದ್ರೆ ಇನ್ನೂ ಕಾಣುತ್ತೆ ಕಣಪ್ಪ. ಒಂದ್ಸಲ ನೋಡ್ಬಿಟ್ಟು ಹೋಗ್ತೀನಿ,” ಎಂದು ಕುರ್ಚಿ ಎಳೆದುಕೊಂಡು ಕೂತರು.

ಪೆಟ್ಟಿಗೆ ಕಂಟೈನರ್ ಕಳಿಸಿದ. ಪಕ್ಕದ ಮೇಜಿನ ಅಕ್ಕ ಕತ್ತು ಚಾಚಿದರು. “ಅಳತೆಗಳಿರೋ ಫೋಲ್ಡರಿಗೆ ಒಳಗಿಂದ ದಾರಿ ಬಿಟ್ಟಿದೀಯೇನೋ?”

ಬಿಟ್ಟಿರಲಿಲ್ಲ.

“ಹೋಗ್ಲಿ, ಸರಿಮಾಡಿ ಇನ್ನೊಂದು ಕಳಿಸು. ಮೊದಲನೇದು ಏನೂ ಸಿಗದೆ ತಾನೇ ಸಾಯುತ್ತೆ.”

ಕಳಿಸಿದ. ‘ನಿಮಗಿಂತ ಮುಂದೆ ಒಂದು ಕೆಲಸವಿದೆ’ ಎಂದಿತು ಪರದೆ. ಹನ್ನೊಂದು ಗಂಟೆಗೂ ಅದೇ ಮಾತು, ಎರಡು ಗಂಟೆಗೂ ಅದೇ.

“ಯಾವನೋ ಪೂರ್ತಿ ಯಂತ್ರ ಹಿಡ್ಕೊಂಡು ಕೆಸರಲ್ಲಿ ಬಿದ್ದ ಎಮ್ಮೆ ಥರ ಮಲಗಿದಾನೆ,” ಎಂದು ಪೆಟ್ಟಿಗೆ ಹಲ್ಲು ಕಡಿದ.

“ದೂರು ಬರಿ,” ಎಂದರು ಅಕ್ಕ. “ಬೇಜವಾಬ್ದಾರಿ ಮನುಷ್ಯ ಅಂತ ಸೇರಿಸು,” ಎಂದ ಹಿಂದಿನ ಮೇಜಿನವನು. “ಒಂದು ತಿಂಗಳು ಯಂತ್ರ ಮುಟ್ಟೋಕೆ ಬಿಡಬಾರ್ದು ಅಂತ್ಲೂ ಹಾಕು.” ಎಲ್ಲ ಸೇರಿ ಹೇಳಿಕೊಟ್ಟರು, ಪೆಟ್ಟಿಗೆ ಬರೆದು ದೊಡ್ಡ ಯಂತ್ರ ನೋಡಿಕೊಳ್ಳುವ ಸಾಹೇಬರಿಗೆ ಕಳಿಸಿದ.

“ಬೈಬೇಡಪ್ಪ,” ಎಂದರು ಮೇಡಂ. “ಮುಂದಿರೋರಿಗೂ ಏನು ಕಷ್ಟವೋ.”

ನಾಲ್ಕೂವರೆಗೆ ಎದ್ದರು. ಪರದೆಯನ್ನು ಒಮ್ಮೆ ಕರವಸ್ತ್ರದಿಂದ ಒರೆಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಐದೂಕಾಲಿಗೆ ಸಾಹೇಬರು ದೂರಿನ ಕಾಗದ ಹಿಡಿದು ಬಂದರು. “ದೂರು ಕೊಟ್ಟವನೂ ನೀನೇ, ಮುಂದೆ ಮಲಗಿರೋನೂ ನೀನೇ. ನಿನ್ನ ಮೊದಲನೇ ಕಂಟೈನರು ಸತ್ತಿಲ್ಲ. ಇಲ್ಲದ ಫೋಲ್ಡರಿಗೆ ಬೆಳಿಗ್ಗೆಯಿಂದ ಕಾಯ್ತಾ ಕೂತಿದೆ. ಈ ಎರಡನೇದೊಂದು ಓಡಲಿ. ನಾಳೆಯಿಂದ ಒಂದು ತಿಂಗಳು ನೀನು ಯಂತ್ರ ಮುಟ್ಟಬೇಡ. ನೀನೇ ಕೇಳಿರೋದು.”

ಮೊದಲನೆಯದನ್ನು ತೆಗೆದರು. ಎರಡನೆಯದು ಹನ್ನೊಂದೇ ನಿಮಿಷದಲ್ಲಿ ಮುಗಿಯಿತು. ಪರದೆ ತುಂಬ ನೀಲಿ ನೀರು. ಎದುರಿಗೆ ಖಾಲಿ ಕುರ್ಚಿ.

ಪೆಟ್ಟಿಗೆ ಚಿತ್ರವನ್ನು ಫೋನಿಗೆ ಕಳಿಸಿ ಮೇಡಂಗೆ ಕರೆಮಾಡಿದ.

“ಈ ಸಣ್ಣ ಫೋನಲ್ಲಿ ನಂಗೆ ಬರೀ ಮಂಜು ಕಣಪ್ಪ. ನೀನೇ ಹೇಳು, ಚೆನ್ನಾಗಿದೆಯಾ?”

“ತುಂಬಾ ಚೆನ್ನಾಗಿದೆ, ಮೇಡಂ.”

“ಸರಿ. ಆ ಮುಂದಿದ್ದೋರ ಕೆಲಸ ಆಯ್ತಾ?”

“ಇಲ್ಲ, ಮೇಡಂ. ಆಗ್ಲಿಲ್ಲ.”

“ಅಯ್ಯೋ ಪಾಪ,” ಎಂದರು ಮೇಡಂ.