ಗುಟಕಾ ಬಿಡಸೋ ಸಮಿತಿ

ನಾನು ಸಾಲಿ ಅಕ್ಕೋರು. ಯರಗಟ್ಟಿಯಿಂದ ಬಸ್ಸಿಗೆ ಅರ್ಧ ತಾಸಿನ ಹಾದಿಯ ಒಂದು ಹಳ್ಳಿಯ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತೇನಿ. ನಗಬಾರದ ಜಾಗಾದಾಗ ನಗು ಬರೋ ಪ್ರಸಂಗ ನನಗ ತಪ್ಪಿದ್ದಲ್ಲ. ಸತ್ತವರ ಮನಿಗೆ ಮಾತಾಡಸಾಕ ಹೋದ್ರೂ ಅಲ್ಲಿ ಏನಾರ ಒಂದು ಆಗೇ ಆಗತದ. ಹೋದ ವರ್ಷ ನಡದದ್ದಂತೂ ಅಳಬೇಕಾದ ಸುದ್ದಿ. ಆದ್ರ ಹೇಳಾಕ ಕುಂತಾಗೊಮ್ಮೆ ಮದಲ ನಾನ ನಗತೇನಿ, ಆಮ್ಯಾಲ ಮನಿಯವರ ಕಡಿಂದ ಬೈಸಿಕೊಳ್ಳತೇನಿ.

ಖಾರ ಒಲ್ಲದ ಹುಡುಗ

ಹತ್ತನೇ ಕ್ಲಾಸಿನ್ಯಾಗ ಒಬ್ಬ ಹುಡುಗ ಇದ್ದ, ಕಬಡ್ಡಿಗೆ ಇಳಿದ್ರ ಚಿಗರಿ. ಸಾಲಿ ಬಿಸಿ ಊಟದಾಗ ಸಾರು ಒಲ್ಲೆ ಅಂತ ಬರೇ ಬಿಳಿ ಅನ್ನ ತಿನ್ನಾಕ ಹತ್ತಿದ. "ಯಾಕೋ?" ಅಂದೆ. "ಖಾರ ಆಗತೈತ್ರಿ" ಅಂದ. ಅಡಿಗಿ ಮಾಡೋಕಿಗೆ ಸಿಟ್ಟು ಬಂತು. "ಸಣ್ಣ ಕೂಸಿಗೆ ಮಾಡಿದಂಗ ಸಪ್ಪಗ ಮಾಡೇನ್ರಿ ಅಕ್ಕೋರ. ಇದಕ್ಕೂ ಖಾರ ಅಂದ್ರ ಇವನ್ನ ಬೆಂಗಳೂರಿನವರಿಗೆ ದತ್ತಕ ಕೊಟ್ಟಬಿಡ್ರಿ" ಅಂದಳು. ಎಲ್ಲಾರೂ ನಕ್ಕರು, ನಾನೂ ನಕ್ಕೆ.

ನಕ್ಕೆ ಖರೆ, ಆದ್ರ ಜೀವಕ್ಕ ಸಮಾಧಾನ ಆಗಲಿಲ್ಲ. ಹಸಿ ಮೆಣಸಿನಕಾಯಿ ಕಡಕೊಂಡು ರೊಟ್ಟಿ ತಿನ್ನೋ ಮನಿಯ ಹುಡುಗ ಅಂವ. ಮರುದಿನ ಬಾಜೂಕ ಕರದು "ಬಾಯಿ ತಗಿ" ಅಂದೆ. ಪೂರಾ ತಗಿಯಾಕ ಬರಲಿಲ್ಲ. ಹಲ್ಲು ಕೆಂಪು, ಗಲ್ಲದ ಒಳಗೆಲ್ಲಾ ಬಿಳಚಿಗೊಂಡಿತ್ತು. "ಗುಟಕಾ ತಿಂತೀಯೇನು?" ಅಂದ್ರ ಗೋಣ ಹಾಕಿದ. ಎರಡು ವರ್ಷ ಆಗಿತ್ತಂತ. "ಯಾರು ಕೊಡತಾರ?" ಅಂದ್ರ ಮಾತ್ರ ಕಬಡ್ಡಿ ಆಡಾಕ ಓಡಿದ. ಇವನ ಬಾಯಿ ಇನ್ನೂ ಬಿಗಿಯೋದ್ರಾಗ ಈ ಚಟ ಬಿಡಸಬೇಕು, ಬಿಡಸಬೇಕಂದ್ರ ಗುಟಕಾ ಚೀಟಿ ಎಲ್ಲಿಂದ ಬರತಾವ ಅನ್ನೋದು ತಿಳೀಬೇಕು. ವರ್ಷಪೂರ್ತಿ ನನ್ನ ತಲ್ಯಾಗ ಇದೊಂದ.

ಭಾರ ಮನಷ್ಯಾ

ಊರ ಹಿರಿಯರನ್ನ ಗುಡಿ ಕಟ್ಟಿಗೆ ಕೂಡಿಸಿ "ಹುಡುಗರಿಗೆ ಗುಟಕಾ ಬಿಡಸಾಕ ಒಂದು ಸಮಿತಿ ಮಾಡೂಣ್ರಿ" ಅಂದೆ. ಎಲ್ಲಾರೂ ಒಪ್ಪಿದರು. ಅಧ್ಯಕ್ಷರು ಯಾರಾಗಬೇಕು ಅಂದ್ರ ಎಲ್ಲಾರ ಬಾಯಾಗೂ ಒಂದ ಹೆಸರು. ದೊಡ್ಡ ಕಮತದ ಮನಷ್ಯಾ, ತಲಿ ಮ್ಯಾಲ ಟೊಪಗಿ, ಏನು ಕೇಳಿದರೂ 'ಹೂಂ' ಇಲ್ಲಾ 'ಊಹೂಂ'. "ಭಾರ ಮನಷ್ಯಾ ಅದಾರ್ರಿ, ಮಾತು ತೂಗಿ ಆಡತಾರ" ಅಂದರು. ಖಾರ ಒಲ್ಲದ ನಮ್ಮ ಹುಡುಗನ ಅಪ್ಪನೂ ಅವರ. ಮಗನ ಸುದ್ದಿ ನಾ ಮದಲ ಹೇಳಿದ್ದೆ, ತಲಿ ತಗ್ಗಿಸಿ 'ಹೂಂ' ಅಂದಿದ್ದರು. ಅಧ್ಯಕ್ಷರಾಗ್ರಿ ಅಂದಾಗೂ 'ಹೂಂ' ಅಂದರು.

ಠರಾವು ಓದಾಕ ನಿಂತೆ. ಒಂದು ಸಾಲು ಓದೋದ್ರಾಗ ಒಬ್ಬರು ಎದ್ದು ಕಟ್ಟಿ ಅಂಚಿಗೆ ಹೋಗಿ ಉಗುಳಿ ಬಂದರು. ಎರಡನೇ ಸಾಲಿಗೆ ಇಬ್ಬರು ಎದ್ದರು. "ಹುಡುಗರ ಮುಂದ ಯಾರೂ ತಂಬಾಕು ತಿನಬಾರದು" ಅನ್ನೋ ಸಾಲಿಗೆ ಮಾತ್ರ ಯಾರೂ ಏಳಲಿಲ್ಲ, ಎಲ್ಲಾರೂ ಕೈ ಎತ್ತಿ ಒಪ್ಪಿಗಿ ಕೊಟ್ಟರು. ಬಾಯಿ ತುಂಬಿತ್ತು, ಅದಕ್ಕ ಕೈ ಎತ್ತಿದರು.

ಸಾಲಿ ಗೇಟು

ಮದಲ ಸಂಶೆ ಸಾಲಿ ಎದುರಿನ ಅಂಗಡಿಯವನ ಮ್ಯಾಲ. ಅವನೂ ಸಮಿತ್ಯಾಗ ಇದ್ದ. ಸಾಲಿಯಿಂದ ನೂರು ಗಜದೊಳಗ ತಂಬಾಕು ಮಾರಬಾರದು ಅಂತ ಕಾಯ್ದೆ ಐತಿ, ಅಳತಿ ಮಾಡೂಣು ಅಂದೆ. ಅಂವ ತಾನ ಟೇಪಿನ ಒಂದು ತುದಿ ಹಿಡಕೊಂಡ. ಗೇಟಿನಿಂದ ಅಂಗಡಿಗೆ ನಲವತ್ತು ಗಜ ಬಂತು.

"ಎಲ್ಲವ್ವನ ಬಂಡಾರ ಮುಟ್ಟಿ ಹೇಳತೇನ್ರಿ ಅಕ್ಕೋರ, ಹುಡುಗರಿಗೆ ಒಂದ ಚೀಟಿನೂ ಕೊಟ್ಟಿಲ್ಲ. ಆದ್ರೂ ಕಾಯ್ದೆ ಅಂದ್ರ ಕಾಯ್ದೆ, ಪಾಲಸಬೇಕು" ಅಂದ.

"ಶಾಣ್ಯಾ ಅದಿ. ಅಂಗಡಿ ಎಲ್ಲಿಗೆ ಒಯ್ತಿ?"

"ಅಂಗಡಿ ಯಾಕ್ರಿ? ಸಾಲಿ ಗೇಟ ಹಿಂದಿನ ಗ್ವಾಡಿಗೆ ಹಾಕಸೂಣ್ರಿ. ಗ್ವಾಡಿ ಒಡದು ಕಟ್ಟಾಕ ಗವಂಡಿನ್ನ ನಾ ಕರಕೊಂಡ ಬರತೇನಿ."

ಅಧ್ಯಕ್ಷರು 'ಹೂಂ' ಅಂದರು. ನಾ ಕಣ್ಣು ಕಿಸದು ನೋಡಿದೆ. ಆಮ್ಯಾಲ 'ಊಹೂಂ' ಅಂದರು.

ಕಾವಲು

ಕಡೀಕ ಅಂಗಡಿಯವ ಚೀಟಿ ಸರ ಬಿಚ್ಚಿ ಒಳಗಿಟ್ಟ. ಹುಡುಗನ ಹಲ್ಲು ಮಾತ್ರ ಕೆಂಪನ ಇದ್ದವು. "ಇದು ಹೊರಗಿನವರ ಕೆಲಸ" ಅಂತ ಸಮಿತಿ ತೀರ್ಮಾನ ಮಾಡಿತು. ಇಬ್ಬರು ಸದಸ್ಯರು ಟಾವೆಲ್ಲಿನಿಂದ ಮುಖ ಮುಚಗೊಂಡು ಊರ ಬಸ್ ಸ್ಟಾಪಿನ್ಯಾಗ ದಿನಾ ಮುಂಜಾನೆ ಕುಂಡ್ರಾಕ ಹತ್ತಿದರು. ಹುಡುಗರ ಹತ್ರ ಯಾರ ಬರತಾರ, ಏನ ಕೊಡತಾರ ನೋಡಾಕ. ಬಸ್ಸಿನ ಕಂಡಕ್ಟರ್‌ಗೆ ಸಂಶೆ ಬಂದು ಪೊಲೀಸರಿಗೆ ತಿಳಿಸಿದ. ಹವಾಲ್ದಾರ ಬಂದು ಇಬ್ಬರ ಕಿಸೆ ತಪಾಸ ಮಾಡಿ ನನಗ ಫೋನ್ ಹಚ್ಚಿದರು.

"ಅಕ್ಕೋರ, ಹುಡುಗರಿಗೆ ಗುಟಕಾ ಮಾರೋರು ಸಿಕ್ಕಾರ್ರಿ. ಹನ್ನೊಂದು ಚೀಟಿ ಅದಾವ."

"ಬಿಡ್ರಿ ಸಾಹೇಬ್ರ, ಅವರು ನಮ್ಮ ಗುಟಕಾ ಬಿಡಸೋ ಸಮಿತಿಯವರು."

"ಮತ್ತ ಈ ಚೀಟಿ?"

"ಅವು ಅವರ ಸ್ವಂತಕ್ಕರಿ."

ಮೂರು ಬೆರಳು

ಇಷ್ಟೆಲ್ಲಾ ಆದ್ರೂ ಎಲ್ಲಿಂದ ಬರತಾವ ಅಂತ ತಿಳೀಲಿಲ್ಲ. ನನಗ ಖರೇನ ಹೆದರಿಕಿ ಹತ್ತಿತು. ಸವದತ್ತಿಯಿಂದ ಹಲ್ಲಿನ ಡಾಕ್ಟರಬಾಯಿನ್ನ ಸಾಲಿಗೆ ಕರಸಿದೆ. ಸಮಿತಿಯವರೂ, ಹುಡುಗರ ತಾಯಂದಿರೂ ಬಂದು ಕುಂತರು.

"ಮೂರು ಬೆರಳು ಒಂದರ ಮ್ಯಾಲೊಂದು ಇಟ್ಟು ಬಾಯಾಗ ಹಾಕ್ರಿ. ಮೂರೂ ಹೋದ್ರ ಚಿಂತಿ ಇಲ್ಲ" ಅಂದರು ಡಾಕ್ಟರಬಾಯಿ. ಹುಡುಗರೆಲ್ಲಾ ಹಾಕಿದರು. ನಮ್ಮ ಹುಡುಗಗ ಎರಡ ಹೋದವು. ಹಿರಿಯರು ಕುರ್ಚಿ ಮ್ಯಾಲ ಕುಂತು ನಗಾಕ ಹತ್ತಿದ್ದರು. "ನೀವೂ ಹಾಕ್ರಿ" ಅಂದರು ಡಾಕ್ಟರಬಾಯಿ.

ಊರ ದೊಡ್ಡ ಮಂದಿ ಸಾಲಾಗಿ ಕುಂತು ಬಾಯಾಗ ಕೈ ತುರುಕೋದು ನೋಡಬೇಕಿತ್ತು ನೀವು. ಒಬ್ಬರಿಗೆ ಕಣ್ಣಾಗ ನೀರು, ಒಬ್ಬರ ಹಲ್ಲಿನ ಸೆಟ್ಟು ಕೈಗೇ ಬಂತು. ಹುಡುಗರು ಬಿದ್ದು ಬಿದ್ದು ನಕ್ಕರು. ನಮ್ಮ ಹುಡುಗನೂ ನಕ್ಕ. ನಕ್ಕಂವ ಒಮ್ಮೆಲೇ ಅಪ್ಪನ ಕಡೆ ನೋಡಿದ. ಅವನ ಅಪ್ಪಗ ಒಂದ ಬೆರಳು ಹೋಗಿತ್ತು. ಎರಡನೇದಕ್ಕ ಜಾಗಾ ಇರಲಿಲ್ಲ.

"ಬಾಯಿ ಹಿಂಗಾಗಿ ಎಷ್ಟ ವರ್ಷಾತ್ರಿ?" ಅಂತ ಡಾಕ್ಟರಬಾಯಿ ಕೇಳಿದರು. "ಎಂಟು ವರ್ಷ ಆತ್ರಿ. ರೊಟ್ಟಿ ಹಾಲಾಗ ನೆನಸಿ ಕೊಡತೇನ್ರಿ" ಅಂತ ಅಧ್ಯಕ್ಷರ ಹೆಣ್ತಿ ಹಿಂದಿನಿಂದ ಹೇಳಿದರು. ಭಾರ ಮನಷ್ಯಾ ಅಂತ ನಾವು ಹಾರ ಹಾಕಿ ಕುಂಡ್ರಿಸಿದ್ದಿವಿ. ಅವರಿಗೆ ಬಾಯಿ ತಗಿಯಾಕ ಬರತಿದ್ದಿಲ್ಲ. ಅದನ್ನ ನೋಡದ ವಿಜ್ಞಾನ ಕಲಸೋ ನನ್ನ ಮ್ಯಾಲ ನನಗ ನಾಚಿಕಿ ಬಂತು.

"ನೀವು ತಡಾ ಮಾಡದ ಬೆಳಗಾವಿಗೆ ಹೋಗಿ ತೋರಸ್ರಿ. ಹುಡುಗ ಇವತ್ತ ಬಿಟ್ರ ಅವಂದು ಇಷ್ಟಕ್ಕ ನಿಂದರಬಹುದು" ಅಂದರು ಡಾಕ್ಟರಬಾಯಿ.

ಅಧ್ಯಕ್ಷರು ಎದ್ದು ಹೋಗಿ ಎಲ್ಲಾರ ಮುಂದ ಮಗಗ ಕೈ ಮುಗದರು. ಹಲ್ಲಿನ ಸಂದ್ಯಾಗಿಂದ ಮಾತು ಬಂದವು. "ನಾ ಮುಂದ ಹೋಗಿಬಿಟ್ಟೇನಿ. ನೀ ನನ್ನ ಹಿಂದ ಬರಬ್ಯಾಡಪಾ."

ಹುಡುಗ ಅಳಾಕ ಹತ್ತಿದ. "ನೀ ಬಿಟ್ರ ನಾನೂ ಬಿಡತೇನಪಾ" ಅಂದ.

ಅಧ್ಯಕ್ಷರು ಅಂಗಿ ಕಿಸೆದಾಗಿಂದ ಮೂರು ಚೀಟಿ ತಗದು ಮೇಜಿನ ಮ್ಯಾಲ ಇಟ್ಟರು. ಧೋತರದ ಮಡಿಕಿ ಬಿಚ್ಚಿ ಇನ್ನೆರಡು ಇಟ್ಟರು. "ಮುಗದುವು" ಅಂತ ಎರಡೂ ಕೈ ಝಾಡಿಸಿ ತೋರಿಸಿದರು.

ಹುಡುಗ ಕಣ್ಣು ಒರಸಿಕೊಂಡು "ಟೊಪಗಿ" ಅಂದ.

ಅವರು ಟೊಪಗಿ ತಗದು ಬೋರಲ ಹಿಡದರು. ಮಡಿಕಿಯೊಳಗಿಂದ ಎರಡು ಚೀಟಿ ಬಿದ್ದವು. "ಇಲ್ಲಿ ಇಡತೇನಿ ಅಂತ ನಿಮ್ಮವ್ವಗೂ ಗೊತ್ತಿಲ್ಲ" ಅಂದರು. "ನಿನಗ ಹೆಂಗ ಗೊತ್ತು?"

"ನೀ ಊಟಕ್ಕ ಕುಂತಾಗ ಟೊಪಗಿ ಗೂಟಕ್ಕ ಇರತಿತ್ತಲ್ಲಪಾ" ಅಂದ ಹುಡುಗ. "ದಿನಾ ಅದರಾಗಿಂದನ ತಗೋತಿದ್ದೆ."