ಸಾಲಿನ ಕೊನೆಯಲ್ಲಿ ನಿಲ್ಲಬಾರದು

ಮ್ಯಾನೇಜರಿಗೆ ವರ್ಗವಾದ ಸುದ್ದಿ ಕೇಳಿ ನೀರು ಸರಬರಾಜು ಕಚೇರಿ ಒಳಗೊಳಗೇ ಹಿಗ್ಗಿತು. ಬೀಳ್ಕೊಡುಗೆಗೆ ಪದ್ಯ ಬರೆಯುವ ಕೆಲಸ ಟೈಪಿಸ್ಟನ ತಲೆಗೆ ಬಂತು. ಅವನ ಬಡ್ತಿಯ ಕಾಗದ ಮ್ಯಾನೇಜರ ಮೇಜಿನ ಮೇಲೆ ರುಜುವಿಗೆ ಕಾದಿದ್ದರಿಂದ ಮನಸ್ಸಿಟ್ಟೇ ಬರೆದ. ಸಾಲು ಕೊನೆಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯಬೇಕು, ಕೇಳುವವರ ಉಸಿರು ಆ ತಿರುವಿನಲ್ಲಿ ತೂಗಾಡಬೇಕು. ಅದು ಅವನ ಹೆಮ್ಮೆಯ ವರಸೆ.

ಸಭೆಯಲ್ಲಿ ಉಗ್ರಾಣದ ಗುಮಾಸ್ತ ಹಾಳೆ ಕಸಿದುಕೊಂಡ. "ನಿನ್ನದು ಸೊಳ್ಳೆ ದನಿ. ನಾನು ಓದ್ತೀನಿ ಬಿಡು."

"ಸಾಲಿನ ಕೊನೇಲಿ ಮಾತ್ರ ನಿಲ್ಲಿಸಬೇಡಿ," ಎಂದು ಟೈಪಿಸ್ಟ್ ಅಂಗಲಾಚಿದ.

"ಪದ್ಯ ಓದೋದು ನನಗೆ ಹೇಳ್ಕೊಡ್ತೀಯಾ?"

ಗುಮಾಸ್ತ ಮೈಕಿನ ಮುಂದೆ ಎದೆಯುಬ್ಬಿಸಿ ಗುಡುಗಿದ: "ನಿಮ್ಮ ಮುಖ ಕಂಡರೆ ನಮಗಾಗದು."

ನಿಲ್ಲಿಸಿ ನೀರು ಕುಡಿದ. ಕನ್ನಡಕ ಸರಿಮಾಡಿಕೊಂಡ.

"ಎಂದೂ ಆಯಾಸ. ನೀವು ಹೋದರೆ ಸಾಕು."

ಹಿಂದಿನ ಬೆಂಚುಗಳಿಂದ ಚಪ್ಪಾಳೆ ಎದ್ದಿತು. ಎದ್ದದ್ದು ನಿಲ್ಲಲೇ ಇಲ್ಲ. ಉಳಿದ ಸಾಲು ಅದರಲ್ಲಿ ಮುಳುಗಿಹೋಯಿತು. ಮ್ಯಾನೇಜರು ಶಾಯಿ ಹೀರಿದ ಬ್ಲಾಟಿಂಗ್ ಕಾಗದದಂಥ ಮುಖ ಹೊತ್ತು ತಮ್ಮ ಕೋಣೆಗೆ ನಡೆದುಬಿಟ್ಟರು.

ಕಚೇರಿಯವರು ಟೈಪಿಸ್ಟನನ್ನು ಮದುಮಗನಂತೆ ಸುತ್ತುವರಿದರು. "ಹನ್ನೊಂದು ವರ್ಷದಿಂದ ನಮ್ಮ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನ ಹೇಳ್ಬಿಟ್ಟೆ ಕಣಪ್ಪ," ಎಂದು ಹೆಡ್ ಕ್ಲರ್ಕ್ ಅಮ್ಮ ಬೆನ್ನು ತಟ್ಟಿದರು.

ಅವನಿಗೆ ಬಡ್ತಿಯ ಚಿಂತೆ ಒಂದಾದರೆ, ತನ್ನ ಸಾಲು ನಡುದಾರಿಯಲ್ಲಿ ಕಾಲು ಮುರಿದುಕೊಂಡು ಬಿದ್ದ ಸಂಕಟ ಅದಕ್ಕಿಂತ ದೊಡ್ಡದು. ಹಾಳೆ ಹಿಡಿದು ಮ್ಯಾನೇಜರ ಕೋಣೆಗೆ ನುಗ್ಗಿದ.

"ಸಾರ್, ಅದು ಹಾಗಲ್ಲ. ಎಲ್ಲೂ ನಿಲ್ಲಿಸದೆ ಓದ್ತೀನಿ, ಕೇಳಿ. 'ನಿಮ್ಮ ಮುಖ ಕಂಡರೆ ನಮಗಾಗದು ಎಂದೂ ಆಯಾಸ. ನೀವು ಹೋದರೆ ಸಾಕು ಕಣ್ಣು ತುಂಬಿ ಬರಲು.' ಸಾಲು ಮುಗಿದರೂ ಮಾತು ಮುಗಿದಿರಲ್ಲ ಸಾರ್. ಅದೇ ಅದರ ಸೊಗಸು."

ಮ್ಯಾನೇಜರು ಹಾಳೆಯನ್ನು ಮೂರು ಸಲ ಓದಿದರು. ಕಣ್ಣೊರೆಸಿಕೊಂಡರು. ಫೋನೆತ್ತಿ ಮುಖ್ಯ ಕಚೇರಿಯೊಡನೆ ಹತ್ತು ನಿಮಿಷ ಮಾತಾಡಿದರು. ಆಮೇಲೆ ಟೈಪಿಸ್ಟನ ಹೆಗಲ ಮೇಲೆ ಕೈಹಾಕಿಕೊಂಡೇ ಹೊರಗೆ ಬಂದರು.

"ಇಷ್ಟು ಪ್ರೀತಿ ಇಟ್ಕೊಂಡಿರೋರನ್ನ ಬಿಟ್ಟು ಹೇಗೆ ಹೋಗಲಿ? ವರ್ಗ ರದ್ದು ಮಾಡಿಸಿದೆ. ರಿಟೈರ್ ಆಗೋವರೆಗೂ ಇಲ್ಲೇ."

"ನನ್ನ ಬಡ್ತಿ ಕಾಗದ, ಸಾರ್?"

"ಅದಕ್ಕೆ ರುಜು ಹಾಕಿದ್ರೆ ನೀವು ಬೇರೆ ಕಚೇರಿಗೆ ಹೋಗ್ಬೇಕಾಗತ್ತೆ. ನಾನು ಬಿಡ್ತೀನಾ?"

ಅವರು ಒಳಗೆ ಹೋದರು. ಹೆಡ್ ಕ್ಲರ್ಕ್ ಅಮ್ಮ ಟೈಪಿಸ್ಟನತ್ತ ತಿರುಗಿ ತಣ್ಣಗೆ ಕೇಳಿದರು:

"ಪದ್ಯ ಬರೆದೆ, ಸರಿ. ಅರ್ಥ ಹೇಳು ಅಂತ ನಿನ್ನನ್ನ ಯಾರು ಕೇಳಿದ್ರು?"