ಮೊದಲ ಹೆಬ್ಬೆರಳು

ಆ ನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ ಟೈಲರನ ಅಂಗಡಿ. ಅಂಗಡಿ ಎಂದರೆ ಒಂದು ಮಷೀನು, ಒಂದು ಸ್ಟೂಲು, ಎದ್ದು ನಿಂತರೆ ತಲೆ ಬಡಿಯುವಷ್ಟು ಜಾಗ. ಕಟ್ಟಡದವರ ವಾಟ್ಸಾಪ್ ಗ್ರೂಪಿನಲ್ಲಿ ಯಾರು ಏನೇ ಹಾಕಲಿ, ಓದದೆಯೇ ಹೆಬ್ಬೆರಳ ಗುರುತು ಒತ್ತಿಬಿಡುವುದು ಅವನ ಅಭ್ಯಾಸ. ಎಲ್ಲರೂ ಗಿರಾಕಿಗಳೇ, ಯಾರಿಗೂ ಬೇಜಾರು ಮಾಡುವಂತಿಲ್ಲ ನೋಡಿ.

ಅಂದು ಬೆಳಿಗ್ಗೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪ್ಯಾಂಟಿನ ಅಂಚು ಮಡಚುತ್ತಿದ್ದಾಗ ಫೋನು ಟಿಂಗ್ ಎಂದಿತು. ಒತ್ತಿದ. ಸ್ವಲ್ಪ ಹೊತ್ತಿಗೆ ಹೆಂಡತಿ ಓಡಿಬಂದಳು.

"ಏನ್ರೀ, ಇದನ್ನ ಓದಿದ್ರಾ?"

ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು ಬರೆದಿದ್ದರು: 'ಮೆಟ್ಟಿಲ ಕೆಳಗಿನ ಟೈಲರ್ ಅಂಗಡಿ ತೆಗೆಸಿ ಅಲ್ಲಿ ಸಂಘದ ಆಫೀಸು ಮಾಡೋಣ. ಒಪ್ಪಿಗೆಯಿದ್ದವರು ಹೆಬ್ಬೆರಳು ಒತ್ತಿ.' ಮೊಟ್ಟಮೊದಲ ಹೆಬ್ಬೆರಳು ಟೈಲರನದು. ಅವನೇ ಒಪ್ಪಿದ ಮೇಲೆ ನಮ್ಮದೇನು ಎಂದು ಹನ್ನೊಂದು ಮನೆಯವರು ಹಿಂದೆಯೇ ಒತ್ತಿದ್ದರು.

ಟೈಲರ್ ತನ್ನ ಫೋನು ಎತ್ತಿಕೊಂಡ. ಹದಿನಾರು ವರ್ಷದಿಂದ ಮನೆ ನಡೆದದ್ದೇ ಆ ಮಷೀನಿನಿಂದ. ಅಳಿಸಲು ಹೋದ. ಗಾಬರಿಯಲ್ಲಿ ಹೆಬ್ಬೆರಳು ಹೋಗಿ ಕೆಂಪು ಹೃದಯ ಬಂತು.

ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಮೂರನೇ ಮಹಡಿಗೆ ಓಡಿದ. "ಅಕ್ಕಾ, ಅದು ನೋಡ್ದೆ ಒತ್ತಿದ್ದು..."

"ಸಂಕೋಚ ಪಡ್ಬೇಡಪ್ಪ," ಎಂದು ಮೂರನೇ ಮಹಡಿಯಾಕೆ ಕಣ್ಣೊರೆಸಿಕೊಂಡರು. "ಸಂಘಕ್ಕೋಸ್ಕರ ಹೊಟ್ಟೆಪಾಡನ್ನೇ ಬಿಟ್ಕೊಟ್ಟೆ. ಅದರ ಮೇಲೆ ಹೃದಯ ಬೇರೆ. ಇಂಥ ದೊಡ್ಡ ಮನಸ್ಸು ಯಾರಿಗಿದೆ?"

ಅವನು ಕೆಳಗಿಳಿಯುವಷ್ಟರಲ್ಲಿ ಅವನ ಫೋಟೊ ಗ್ರೂಪಿಗೆ ಬಂದಿತ್ತು, 'ನಮ್ಮ ತ್ಯಾಗಿ' ಎಂಬ ತಲೆಬರಹದೊಂದಿಗೆ. ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡ ಅವನನ್ನು ಹೊಗಳಿ ಹೊಗಳಿ ಸುಸ್ತಾಗಿತ್ತು. ಕೊನೆಗೆ ಹೆಡ್‌ಮಾಸ್ಟರ ಬಾಗಿಲಿಗೇ ಹೋದ.

"ಸಾರ್, ನಂಗೆ ಆ ಜಾಗ ಬೇಕು ಸಾರ್."

"ಗೊತ್ತಪ್ಪ. ನಿನ್ನಂಥವನನ್ನ ಕಳಿಸೋಕಾಗುತ್ತಾ? ನೀನು ಅಲ್ಲಿಂದ ಎಲ್ಲೂ ಹೋಗಬೇಕಾಗಿಲ್ಲ. ಸಂಜೆ ಆರು ಗಂಟೆವರೆಗೆ ಸುಮ್ನಿರು."

ಹೋದ ಜೀವ ಬಂದಂತಾಯಿತು. ಈ ಹಾಳು ಬೆರಳನ್ನು ಇನ್ನು ನಂಬಬಾರದೆಂದು ಫೋನನ್ನು ಗುಂಡಿಗಳ ಡಬ್ಬಿಯೊಳಗೆ ತುರುಕಿ, ಮುಚ್ಚಳ ಬಿಗಿದು, ಹಾಯಾಗಿ ಎರಡು ಅಂಗಿ ಹೊಲಿದ. ಡಬ್ಬಿ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು.

"ಬಡ್ಕೋ," ಎಂದ ಟೈಲರ್.

ಆರಕ್ಕೆ ಸರಿಯಾಗಿ ಹೆಡ್‌ಮಾಸ್ಟರು ಎಲ್ಲರನ್ನೂ ಕರೆದುಕೊಂಡು ಬಂದು ಕೈಕುಲುಕಿದರು. "ಇವತ್ತಿಂದ ನೀನೇ ಸಂಘದ ಕಾರ್ಯದರ್ಶಿ. ಆಕ್ಷೇಪ ಇದ್ದವರು ಆರರೊಳಗೆ ಹೇಳಿ ಅಂತ ಮಧ್ಯಾಹ್ನವೇ ಗ್ರೂಪಿಗೆ ಹಾಕಿದ್ದೆ. ಯಾರೂ ಬೇಡ ಅನ್ಲಿಲ್ಲ. ನೀನೂ ಅನ್ಲಿಲ್ಲ."

"ಅಂಗಡಿ, ಸಾರ್?"

"ಇನ್ಮೇಲೆ ಇದೇ ನಿನ್ನ ಆಫೀಸು. ದಿನಾ ಇದೇ ಸ್ಟೂಲ್ ಮೇಲೆ ಕೂತ್ಕೋ, ಯಾರೂ ಎಬ್ಬಿಸಲ್ಲ."

ಅಷ್ಟರಲ್ಲಿ ನಾಲ್ವರು ಸೇರಿ ಮಷೀನನ್ನು ಎತ್ತಿ ಹೊರಗೆ ಸಾಗಿಸುತ್ತಿದ್ದರು.

"ಕೆಲಸ ಏನೂ ಭಾರ ಇಲ್ಲ," ಹೆಡ್‌ಮಾಸ್ಟರು ಬೆನ್ನು ತಟ್ಟಿದರು. "ಗ್ರೂಪಿಗೆ ಬರೋ ಒಂದೊಂದು ಮೆಸೇಜನ್ನೂ ಪೂರ್ತಿ ಓದಿ ಉತ್ತರ ಕೊಟ್ರೆ ಸಾಕು."

ಗುಂಡಿಗಳ ಡಬ್ಬಿ ಟಿಂಗ್ ಎಂದಿತು.